ಸಂಕೇಶ್ವರದಾಗ ಲಿಥುವೇನಿಯಾದ ವಿಭಕ್ತಿ

ಬೆಳಗಾವಿ ಏಜೆಂಟ ಕೊಟ್ಟ ಝೆರಾಕ್ಸ್ ಹಾಳಿ ಮೂವತ್ತೆರಡು.
ಹದಿನೇಳನೇದು ಇಲ್ಲ. ಕೇಳಿದ್ರ
'ಅದೇನ್ ಅಷ್ಟ ಬೇಕಾಗೂದಿಲ್ಲ ಬಿಡ್ರಿ' ಅಂದನಂತ.

ಅಂಬೋಲಿ ಘಾಟ ಇಳದು, ಗೋವಾದಾಗ ಸಕ್ರಿ ಖಾಲಿ ಮಾಡಿ
ರಾತ್ರಿ ಬರತಾನ ಸತ್ತೆಪ್ಪ.
ಗೋಣಿ ನಾರು ಇನ್ನೂ ಕೂದಲಾಗ ಇರತಾವು.
ಉಂಡು, ನನ್ನ ಹೊಲಿಗಿ ಮಷಿನ್ನಿನ ಬಾಜೂಕ ಕುಂಡ್ರತಾನ.
ನಾ ಕೇಳಬೇಕು, ಅಂವ ಹೇಳಬೇಕು.

ಸ್ಟೇರಿಂಗಿಗೆ ಏನಂತಾರ?
'ವೈರಸ್.'
ಎರಡು ತಿಂಗಳ ಲಾರಿ ನಿಂದರಿಸಿದ್ದು ಅದ ಅಲ್ಲೇನು,
ಅಂದೆ. ನಕ್ಕೇವಿ.
ಸ್ಟೇರಿಂಗಿನ, ವೈರೋ. ಸ್ಟೇರಿಂಗಿಗೆ, ವೈರುಯ್.
ತುದಿ ಬದಲಾದ್ರ ಕೆಲಸ ಬದಲಿ.
ನಮಗೂ ಐದನೇತ್ತೆಯೊಳಗ ಮಾಸ್ತರ ಬೆತ್ತ ಹಿಡದು
ಉ, ಅನ್ನು, ಇಂದ, ಗೆ, ದೆಸೆಯಿಂದ ಅನಸತಿದ್ರು.
ಆ ದೆಸೆಯಿಂದ
ಇವತ್ತಿನ ತನಕ ಯಾರ ಬಾಯಾಗೂ ಕೇಳಿಲ್ಲ ನಾ.

ಅಲ್ಲೆ ಗಂಡಸರ ಹೆಸರಿಗೆ ಬಹಳ ಮಾಡಿ 'ಅಸ್' ಅಂತ ಬಾಲ.
ಇವನ ಹೆಸರು 'ಅ'ದಾಗ ಮುಗೀತೈತಲ್ಲ,
ಹೆಣ್ಣಮಕ್ಕಳ ಸಾಲಿಗೆ ಹಚ್ಯಾರ.
ಸತ್ತೆಪ್ಪೋಸ್ ಅಂದ್ರ ಸತ್ತೆಪ್ಪನ.
ಸತ್ತೆಪ್ಪೋಯೆ ಅಂದ್ರ ಸತ್ತೆಪ್ಪನೊಳಗ.
'ಹೆಸರಿನ್ಯಾಗ ಅಪ್ಪ ಇದ್ರೂ ಉಪಯೋಗಿಲ್ಲ'
ಅಂತ ಮೀಸಿ ಮ್ಯಾಲ ಕೈ ಆಡಿಸಿದ.

ಇನ್ನೊಂದು. ಅವರಲ್ಲೆ 'ಅದು' ಇಲ್ಲ.
ಹಾದಿ, ಅಂವ. ಕಲ್ಲು, ಅಂವ.
ಬ್ರೆಡ್ಡು, ಅಕಿ. ಉಪ್ಪು, ಅಕಿ.
ನಾ ಪಾವಟಿಗಿ ತುಳಿಯೂದು ನಿಂದರಿಸಿದೆ.
ನಿನ್ನಿ ಫೋನಿನ್ಯಾಗ ಕ್ಲೀನರಗ ಏನ ಹೇಳಿದಿ ನೆನಪೈತೇನು?
'ಮನ್ಯಾಗ ಅದು ಐತಿ, ಅದರ ಕೈಯಾಗ ಕೊಡು.'
ಅದು ಅಂದ್ರ ನಾನು.
ಉಪ್ಪಿಗೆ ಸಿಕ್ಕಿದ್ದು ನನಗ ಸಿಗಲಿಲ್ಲ ನೋಡು.
ಅಂವ ಗಡಬಡಿಸಿ ಹಾಳಿ ತಿರುವಿದ.

ತುರಿಯು ನಾಮಾ: ನನಗ ಮನಿ ಐತಿ.
ನೆತುರಿಯು ನಾಮೋ: ನನಗ ಮನಿ ಇಲ್ಲ.
ನಮ್ಮಲ್ಲೆ 'ಇಲ್ಲ' ಕಡೀಗೆ ಬಂದು ಸುಮ್ನ ಕುಂಡ್ರತೈತಿ,
ಮನೀಗೆ ಒಂದು ಗೀರೂ ಬೀಳೂದಿಲ್ಲ.
ಅಲ್ಲೆ ಇಲ್ಲ ಅಂದ ಕೂಡ್ಲೆ
ಮನಿಯ ತುದೀನ ಬ್ಯಾರೆ ಆಗತೈತಿ.
ಕೈ ತಾನ ಮಣಿಕಟ್ಟಿಗೆ ಹೋತು.
ಪಾಟ್ಲಿ ಏಜೆಂಟನ ಫೀ ಆಗಿ ಹೋಗ್ಯಾವು, ಗುರುತಷ್ಟ ಐತಿ.
ಪಾಟ್ಲಿಗೆ ಏನಂತಾರ, ಕೇಳಿದೆ.
ಪಾಟ್ಲಿ ಇಲ್ಲ ಅನ್ನಾಕ?
ಅಂವಗ ಗೊತ್ತಿಲ್ಲ.
ಹದಿನೇಳನೇ ಹಾಳ್ಯಾಗ ಇತ್ತೋ ಏನೋ.

ಕಡೀ ಸಾಲು: ವಝುವೋಯು ನಮೋ.
ಒಳಗಿಂದ ಅತ್ತಿ, 'ಯಾವ ದೇವರಿಗೋ ತಮ್ಮಾ?'
'ಮನೀಗೆ' ಅಂದ. ಅದರ ಅರ್ಥ ಅಷ್ಟ:
ಗಾಡಿ ಹೊಡಕೊಂಡು ಮನೀಗೆ ಹೊಂಟೀನಿ.
ನಾ ಹಾಳಿ ಕಸಗೊಂಡು ನೋಡಿದೆ.
ಇಲ್ಲದ ಮನಿಗೂ ತಿರುಗಿ ಬರೂ ಮನಿಗೂ
ಅವ ನಾಕ ಅಕ್ಷರ, ಒಂದೂ ಫರಕ ಇಲ್ಲ.
ಬಾಯಾಗ ಅಷ್ಟ ಫರಕ:
ಭಾರ ಮುಂದ ಬಿದ್ರ ಮನಿ ಇಲ್ಲ,
ಹಿಂದ ಬಿದ್ರ ಮನಿ ಕಡೆ.

ಲೋಡಿನ ಮಾತು ಬಂತಲ್ಲ, ಅಂವಗ ಪಟ್ನ ತಿಳೀತು.
'ಪೂರಾ ಹಿಂದ ಬಿದ್ರ ಸ್ಟೇರಿಂಗ್ ಹಗುರ ಆಗತೈತಿ,
ಗಾಡಿ ಹೇಳಿದ್ದ ಕೇಳೂದಿಲ್ಲ' ಅಂದ,
ಹಾಳಿ ಕಡೆ ನೋಡಲಿಲ್ಲ, ನನ್ನ ಕಡೆನೂ ನೋಡಲಿಲ್ಲ.

ನಾ ಹಲ್ಲಿಲೆ ದಾರ ಕಡದು
ಇನ್ನೊಮ್ಮೆ ಅನ್ನು, ಅಂದೆ.
ಕೇಳದಿದ್ರ ಬಿಡ್ಲಿ.
ಭಾರ ಹಿಂದ ಇಡು.